ಮಡುವಿಗೆ ಧುಮುಕಿದ ಮಂದಾಕಿನಿ

ತೆರೆಯ ಮೇಲೆ ಮೊದಲು ಕಾಣುವುದು ಒಬ್ಬ ಹುಡುಗಿಯ ಮುಖ. ಏಳು ವರ್ಷದ ಬಾಲೆಯ ಮುಖಭಾವಗಳು ಎಂಬರ್ಥದ ಅಕ್ಷರಗಳು ಬಂದುಹೋದ ಮೇಲೆ ಆ ಮಗು ನೇರ ನಮ್ಮ ಕಡೆಗೇ ನೋಡುತ್ತದೆ. ಕಥೆ ಇನ್ನೂ ಶುರುವಾಗಿಲ್ಲ, ವೇಷ ಇನ್ನೂ ಕಟ್ಟಿಲ್ಲ. ಮುಖದ ಮೇಲೆ ಒಂದು ಭಾವ ಬಂದು ಹೋಗುತ್ತದೆ, ಅದರ ಹಿಂದೆಯೇ ಇನ್ನೊಂದು. ನೋಡನೋಡುತ್ತಿದ್ದಂತೆ ಆ ಮುಖ ಮೆಲ್ಲಗೆ ಕರಗಿ ಅದೇ ಜಾಗದಲ್ಲಿ ಕೃಷ್ಣ ಮೂಡುತ್ತಾನೆ. ನೂರು ವರ್ಷ ದಾಟಿದ ಈ ಕೆಲವು ಕ್ಷಣಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಆ ಕರಗುವ ಗಳಿಗೆಯಲ್ಲಿ ಉಸಿರು ಒಮ್ಮೆ ಹಿಡಿದಂತಾಗುತ್ತದೆ.

ಇದು 1919ರ ‘ಕಾಲಿಯ ಮರ್ದನ’. ತೆಗೆದವರು ದಾದಾಸಾಹೇಬ್ ಫಾಲ್ಕೆ. ಕೃಷ್ಣನಾದವಳು ಅವರ ಮಗಳು ಮಂದಾಕಿನಿ.

ಚಿಕ್ಕವನಿದ್ದಾಗ ಯಕ್ಷಗಾನಕ್ಕೆ ಹೋದರೆ ನಾವು ಮಕ್ಕಳೆಲ್ಲ ಮೊದಲು ಓಡುತ್ತಿದ್ದುದು ಚೌಕಿಗೆ. ಕನ್ನಡಿ ಹಿಡಿದು ಕೂತ ವೇಷಧಾರಿ ಮುಖಕ್ಕೆ ಬಣ್ಣ ಬಳಿದುಕೊಳ್ಳುವುದನ್ನು ಇಣುಕಿ ನೋಡುತ್ತಿದ್ದೆವು. ಮಧ್ಯಾಹ್ನ ಅಂಗಡಿಯ ಮುಂದೆ ಬೀಡಿ ಸೇದುತ್ತಿದ್ದ ಅದೇ ಮನುಷ್ಯ ಕಣ್ಣೆದುರೇ ಕೌರವನಾಗುತ್ತಿದ್ದ. ಇಷ್ಟೆಲ್ಲ ಕಂಡಮೇಲೂ ಅವನು ರಂಗಸ್ಥಳಕ್ಕೆ ಬಂದಾಗ ನಮ್ಮ ಹೆದರಿಕೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಫಾಲ್ಕೆಯವರು ಆ ಚೌಕಿಯನ್ನೇ ತಂದು ಚಿತ್ರದ ಬಾಗಿಲಲ್ಲಿ ಇಟ್ಟಿದ್ದಾರೆ. ಇವಳು ನನ್ನ ಮಗಳು, ಇನ್ನು ಇವಳನ್ನು ಕೃಷ್ಣ ಎಂದು ನಂಬಿ ಎನ್ನುತ್ತಾರೆ. ನಾವು ನಂಬುತ್ತೇವೆ. ಸಿನಿಮಾ ಎಂಬುದು ಈ ನೆಲಕ್ಕೆ ಬಂದು ಬೇರೂರುತ್ತಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಇಷ್ಟು ನಿರಾಳವಾಗಿ ಈ ಮಾತನ್ನು ಹೇಳಿದನಲ್ಲ, ಅದು ನನಗೆ ದೊಡ್ಡ ವಿಷಯ.

ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ. ಬೆಣ್ಣೆ ಕದಿಯುವುದು, ಗೆಳೆಯರ ದಂಡು ಕಟ್ಟಿಕೊಂಡು ಊರಿಗೆಲ್ಲ ಚೇಷ್ಟೆ ಮಾಡುವುದು, ಬೈಸಿಕೊಳ್ಳುವುದು, ಮತ್ತೆ ಅದನ್ನೇ ಮಾಡುವುದು. ಮಂದಾಕಿನಿಯ ನಡಿಗೆ ನೋಡಬೇಕು. ನಟನೆ ಕಲಿಸಿದ ಮಕ್ಕಳಲ್ಲಿ ಕಾಣುವ ಬಿಗುವು ಅವಳಲ್ಲಿ ಇಲ್ಲ. ಮನೆಯ ಅಂಗಳದಲ್ಲಿ ಆಡುವ ಮಗುವಿನ ಹಾಗೆ ಓಡಾಡುತ್ತಾಳೆ. ಎದುರಿಗೆ ಕ್ಯಾಮೆರಾದ ಹಿಡಿ ತಿರುಗಿಸುತ್ತ ನಿಂತ ಪರಿವಾರ ಅವಳ ಮನೆಯವರದೇ ಅಲ್ಲವೇ? ಆ ಸಲುಗೆ ಚಿತ್ರದ ತುಂಬ ಹರಡಿದೆ. ಅಪ್ಪ ಮಗಳನ್ನು ನೋಡುತ್ತಿರುವ ನೋಟ ಇದು ಎನ್ನುವುದು ಒಮ್ಮೆ ಮನಸ್ಸಿಗೆ ಹೊಳೆದರೆ ಮತ್ತೆ ಮರೆಯಲಾಗುವುದಿಲ್ಲ.

ಆಮೇಲೆ ಮಡು. ಕೃಷ್ಣ ಮರವೇರಿ ಯಮುನೆಗೆ ಧುಮುಕುತ್ತಾನೆ. ಈಗ ಫಾಲ್ಕೆ ನಮ್ಮನ್ನು ಎರಡು ಕಡೆ ನಿಲ್ಲಿಸುತ್ತಾರೆ. ಒಂದು ಸಲ ನೀರಿನೊಳಗೆ, ಅಲ್ಲಿ ಹುಡುಗ ಸರ್ಪದ ಜೊತೆ ಸೆಣಸುತ್ತಿದ್ದಾನೆ. ಮತ್ತೊಂದು ಸಲ ದಡದ ಮೇಲೆ, ಅಲ್ಲಿ ಊರಿಗೆ ಊರೇ ಕಂಗಾಲಾಗಿ ನಿಂತಿದೆ. ಹಾವು ಕೈಯಲ್ಲಿ ಮಾಡಿದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ದಡದ ಮೇಲಿನ ಆತಂಕ ಎಷ್ಟು ನಿಜವಾಗಿದೆಯೆಂದರೆ ಆ ಹಾವಿಗೂ ಅದರಿಂದಲೇ ಜೀವ ಬರುತ್ತದೆ. ಕೊನೆಗೆ ಮಡುವಿನಿಂದ ಹೆಡೆ ಮೇಲೇಳುತ್ತದೆ, ಹೆಡೆಯ ಮೇಲೆ ಆ ಪುಟ್ಟ ಹುಡುಗಿ ಕುಣಿಯುತ್ತಿದ್ದಾಳೆ. ಹೊಯ್ಸಳ ಗುಡಿಗಳ ಗೋಡೆಯಲ್ಲಿ ಕಾಳಿಂಗಮರ್ದನನನ್ನು ನೋಡಿ ಬೆಳೆದ ಕಣ್ಣಿಗೆ ಆ ಭಂಗಿ ಹೊಸದಲ್ಲ. ಕಲ್ಲಿನಲ್ಲಿ ನಿಂತಿದ್ದ ಕಾಲು ಇಲ್ಲಿ ನಿಜಕ್ಕೂ ಎತ್ತಿ ಇಡುತ್ತದೆ, ಅಷ್ಟೇ. ಆ ಅಷ್ಟಕ್ಕೇ 1919ರಲ್ಲಿ ಟೆಂಟಿನಲ್ಲಿ ಕೂತವರು ಕೈ ಮುಗಿದಿರಬೇಕು.

ನಾನು ಈ ಚಿತ್ರವನ್ನು ಮೊದಲ ಸಲ ನೋಡಿದಾಗ ಮಾತ್ರ ಹೀಗಾಗಲಿಲ್ಲ. ಅದನ್ನೂ ಹೇಳಬೇಕು. ಒಂದು ಸಭೆಯಲ್ಲಿ, ಭಾಷಣಗಳ ನಡುವೆ, ಭಾರತದ ಹಳೆಯ ಚಿತ್ರ ಎಂದು ಪರಿಚಯಿಸಿ ಒಂದು ತುಣುಕನ್ನು ಓಡಿಸಿದರು. ಸದ್ದಿಲ್ಲ, ಸಂಗೀತವಿಲ್ಲ. ತೆರೆಯ ಮೇಲಿನ ಜನ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಸರಸರ ಓಡಾಡುತ್ತಿದ್ದರು. ಸಭೆ ನಕ್ಕಿತು, ನಾನೂ ನಕ್ಕೆ. ಪಾಪ, ಆಗಿನವರಿಗೆ ಇಷ್ಟೇ ಬರುತ್ತಿತ್ತು ಎಂದುಕೊಂಡು ಮನೆಗೆ ಬಂದೆ.

ವರ್ಷಗಳಾದ ಮೇಲೆ ಒಂದು ಚಿಕ್ಕ ಸಭಾಂಗಣದಲ್ಲಿ ಅದೇ ಚಿತ್ರವನ್ನು ಸರಿಯಾದ ವೇಗದಲ್ಲಿ ನೋಡುವ ಭಾಗ್ಯ ಸಿಕ್ಕಿತು. ಪಕ್ಕದಲ್ಲಿ ಒಂದು ಹಾರ್ಮೋನಿಯಂ, ಒಂದು ಮೃದಂಗ, ಅಷ್ಟೇ. ಅದೇ ಜನ, ಅದೇ ನಡಿಗೆ, ಆದರೆ ಈಗ ಅವರಿಗೆ ಮೈಭಾರ ಬಂದಿತ್ತು. ಕೊಡ ಹೊತ್ತ ಹೆಂಗಸು ಕೊಡ ಹೊತ್ತ ಹೆಂಗಸಿನಂತೆಯೇ ನಡೆದಳು. ಹುಡುಗಿ ಹುಬ್ಬೇರಿಸಿದ್ದು, ಒಂದು ಕ್ಷಣ ಯೋಚಿಸಿದ್ದು, ನಗುವ ಮುಂಚೆ ತುಟಿ ಅದುರಿದ್ದು ಎಲ್ಲ ಕಂಡಿತು. ಆ ದಿನ ಯಾರೂ ನಗಲಿಲ್ಲ. ನಕ್ಕದ್ದು ಕೃಷ್ಣನ ಚೇಷ್ಟೆಗೆ ಮಾತ್ರ.

ಈ ವೇಗದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೂಕಿಚಿತ್ರಗಳ ಮಾನ ಹೋಗಿರುವುದು ಬಹುಮಟ್ಟಿಗೆ ಇದರಿಂದಲೇ. ಆಗಿನ ಕ್ಯಾಮೆರಾಕ್ಕೆ ಮೋಟಾರಿರಲಿಲ್ಲ. ಛಾಯಾಗ್ರಾಹಕ ಹಿಡಿಯನ್ನು ಕೈಯಲ್ಲೇ ತಿರುಗಿಸಬೇಕಿತ್ತು. ಸೆಕೆಂಡಿಗೆ ಸುಮಾರು 16 ಚಿತ್ರ ಬೀಳುವಂತೆ ಕೈ ಪಳಗಿರುತ್ತಿತ್ತು. ಒಮ್ಮೊಮ್ಮೆ ಹೆಚ್ಚು, ಒಮ್ಮೊಮ್ಮೆ ಕಡಿಮೆ. ತೋರಿಸುವವನೂ ಅದೇ ಲಯವನ್ನು ಊಹಿಸಿ ಪ್ರೊಜೆಕ್ಟರ್ ತಿರುಗಿಸುತ್ತಿದ್ದ. ಮಾತು ಬಂದಮೇಲೆ ದನಿ ಸ್ಥಿರವಾಗಿರಬೇಕೆಂದು ಸೆಕೆಂಡಿಗೆ 24 ಚಿತ್ರ ಎಂದು ಗೊತ್ತುಮಾಡಿದರು. ಸಾವಿರ ಅಡಿಯ ಒಂದು ರೀಲಿನಲ್ಲಿ 16,000 ಚಿತ್ರಗಳಿರುತ್ತವೆ. 16ರ ವೇಗದಲ್ಲಿ ಅದು 16 ನಿಮಿಷ ದಾಟಿ ಓಡುತ್ತದೆ, 24ರಲ್ಲಿ 11 ನಿಮಿಷಕ್ಕೆ ಮುಗಿಯುತ್ತದೆ. ವಿಲಂಬದಲ್ಲಿ ಹಾಡಿದ್ದನ್ನು ದ್ರುತದಲ್ಲಿ ಕೇಳಿಸಿ, ಈ ಗಾಯಕನಿಗೆ ರಾಗವೇ ಬರುವುದಿಲ್ಲ ಎಂದಂತೆ ಆಯಿತು ನಾವು ಇಷ್ಟು ದಿನ ಮಾಡಿದ್ದು. ಹಳೆಯ ಚಿತ್ರವನ್ನು ಕಾಪಾಡುವುದೆಂದರೆ ಡಬ್ಬ ಕಾಪಾಡುವುದಷ್ಟೇ ಎಂದು ತಿಳಿದವರಿಗೆ ಆ ಎರಡನೆಯ ಪ್ರದರ್ಶನವನ್ನು ತೋರಿಸಬೇಕು. ಉಳಿಸುವ ಕೆಲಸ ಮುಗಿಯುವುದು ತೆರೆಯ ಮುಂದೆ, ಕತ್ತಲಲ್ಲಿ, ನಾಲ್ಕು ಜನ ಕೂತಾಗ.

ಈ ಚಿತ್ರ ನಮ್ಮವರೆಗೆ ಬಂದದ್ದೇ ಒಂದು ಪವಾಡ. ಆಗಿನ ಫಿಲ್ಮು ನೈಟ್ರೇಟ್ ಸೆಲ್ಯುಲಾಯ್ಡಿನದು. ಅದರ ಚೆಲುವೇ ಬೇರೆ. ನೈಟ್ರೇಟ್ ಪ್ರಿಂಟನ್ನು ಕಣ್ಣಾರೆ ಕಂಡವರು ಅದರ ಕಪ್ಪು-ಬಿಳುಪಿನ ಹೊಳಪನ್ನು ಮರೆಯದೆ ನೆನೆಯುತ್ತಾರೆ. ಆದರೆ ಅದು ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡ ವಸ್ತು. ಹತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುತ್ತದೆ, ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಗಲದಿದ್ದರೆ ಸೆಕೆಗೆ, ತೇವಕ್ಕೆ ತಾನಾಗಿ ಕೊಳೆಯುತ್ತದೆ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಜೋನಿಬೆಲ್ಲದ ಹಾಗೆ ಅಂಟಂಟಾಗುತ್ತದೆ, ಕೊನೆಗೆ ಡಬ್ಬ ತೆರೆದರೆ ಕಂದು ಪುಡಿ. ಇದರ ಮೇಲೆ ಮನುಷ್ಯರ ಕೈವಾಡ. ಫಿಲ್ಮಿನ ಮೇಲ್ಪದರದಲ್ಲಿ ಬೆಳ್ಳಿ ಇರುತ್ತದೆ. ಟಾಕಿ ಬಂದಮೇಲೆ ಮೂಕಿಚಿತ್ರಗಳನ್ನು ಕೇಳುವವರಿಲ್ಲದಾದಾಗ ಅವುಗಳನ್ನು ತೂಕಕ್ಕೆ ಮಾರಿದರು, ಕೊಂಡವರು ತೊಳೆದು ಬೆಳ್ಳಿ ತೆಗೆದುಕೊಂಡರು. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿಚಿತ್ರಗಳು ತಯಾರಾಗಿದ್ದವು. ತುಂಡುತುಣುಕು ಸೇರಿಸಿದರೂ ಇಂದು ಉಳಿದಿರುವವು ಮೂವತ್ತನ್ನು ಮುಟ್ಟುವುದು ಕಷ್ಟ.

ಆ ಉಳಿದವುಗಳ ಹಿಂದೆ ಬಹಳಷ್ಟು ಕಡೆ ಒಬ್ಬನೇ ಮನುಷ್ಯನ ಕೈ ಕಾಣುತ್ತದೆ. ಅವರು ಪಿ.ಕೆ. ನಾಯರ್. ತಿರುವನಂತಪುರದ ಹುಡುಗ, ಚಿಕ್ಕಂದಿನಲ್ಲೇ ಸಿನಿಮಾ ಟಿಕೆಟಿನ ಚೂರುಗಳನ್ನು ಕೂಡಿಟ್ಟುಕೊಳ್ಳುತ್ತಿದ್ದವರು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದ ಮರುವರ್ಷ ಅಲ್ಲಿ ಕೆಲಸಕ್ಕೆ ಸೇರಿ, 1991ರಲ್ಲಿ ನಿವೃತ್ತರಾಗುವವರೆಗೆ ಸುಮಾರು 12,000 ಚಿತ್ರಗಳನ್ನು ಕಲೆಹಾಕಿದರು. ಫಾಲ್ಕೆಯವರ ಮನೆಯವರನ್ನು ಹುಡುಕಿಕೊಂಡು ಹೋಗಿ ಅವರಲ್ಲಿ ಉಳಿದಿದ್ದ ಸುರುಳಿಗಳನ್ನು ತಂದವರು ಅವರೇ. ಹಾಗೆ ಸಿಕ್ಕ ತುಂಡುಗಳನ್ನು ಕೂಡಿಸಿ ಕಟ್ಟಿದ್ದು ನಾವು ಇಂದು ನೋಡುವ ‘ಕಾಲಿಯ ಮರ್ದನ’. ಫಾಲ್ಕೆಯವರದೇ ‘ರಾಜಾ ಹರಿಶ್ಚಂದ್ರ’ದಲ್ಲಿ ನಾಲ್ಕು ರೀಲಿಗೆ ಮೊದಲನೆಯದು, ಕೊನೆಯದು, ಎರಡೇ ಉಳಿದಿವೆ. ಅವೂ 1913ರವಲ್ಲ, 1917ರಲ್ಲಿ ಫಾಲ್ಕೆ ಮತ್ತೆ ತೆಗೆದ ಚಿತ್ರದವು ಎಂದು ವಾದಿಸುವ ಸಂಶೋಧಕರಿದ್ದಾರೆ.

ನಾಯರ್ ಅವರಿಗೆ ಸಿಗದೆ ಹೋದವುಗಳ ಪಟ್ಟಿಯೂ ದೊಡ್ಡದು. ನಮ್ಮ ಮೊದಲ ಟಾಕಿ, 1931ರ ‘ಆಲಂ ಆರಾ’ಕ್ಕಾಗಿ ಅವರು ಅದನ್ನು ತೆಗೆದ ಅರ್ದೇಶಿರ್ ಇರಾನಿಯವರ ಮನೆಗೇ ಹೋಗಿದ್ದರು. ಕೆಲವು ರೀಲು ಇಲ್ಲೇ ಎಲ್ಲೋ ಇರಬೇಕು ಎಂದರಂತೆ ಮುದುಕರು. ಬೆಳ್ಳಿ ತೆಗೆಸಿ ಎಂದೋ ಮುಗಿಸಿದ್ದಾಯಿತು ಎಂದು ಆಮೇಲೆ ಹೇಳಿದ್ದು ಅವರ ಮಗ. ಈ ಪ್ರಸಂಗ ಓದಿದಾಗಲೆಲ್ಲ ನನ್ನ ಹೊಟ್ಟೆ ಚುರ್ ಎನ್ನುತ್ತದೆ. ಸಿಕ್ಕಿದ್ದೂ ಕೈ ತಪ್ಪಿದ್ದುಂಟು. 2003ರ ಜನವರಿಯಲ್ಲಿ ಪುಣೆಯ ಹಳೆಯ ಉಗ್ರಾಣಕ್ಕೆ ಬೆಂಕಿ ಬಿದ್ದು ನೈಟ್ರೇಟಿನ ಸಾವಿರಾರು ರೀಲುಗಳು ಬೂದಿಯಾದವು.

ನಾಯರ್ ಬೀಗ ಹಾಕಿ ಕೂಡಿಡುವ ಜಾತಿಯವರಾಗಿರಲಿಲ್ಲ. ಅವರು ಉಳಿಸಿದ್ದು ತೋರಿಸುವುದಕ್ಕಾಗಿ. ಇದು ನಮಗೆ, ಮಲೆನಾಡಿನವರಿಗೆ, ಚೆನ್ನಾಗಿ ಗೊತ್ತು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಚಿತ್ರಸಮಾಜ ಕಟ್ಟಿ ಊರಿನವರಿಗೆ ಜಗತ್ತಿನ ಸಿನಿಮಾ ತೋರಿಸಲು ಹೊರಟಾಗ ಪುಣೆಯಿಂದ ಡಬ್ಬಗಳು ಬಂದವು. ರಸಗ್ರಹಣ ಶಿಬಿರಗಳಿಗೆ ಸಿನಿಮಾ ಪಾಠ ಮಾಡುತ್ತಿದ್ದ ಸತೀಶ್ ಬಹಾದ್ದೂರ್ ಬಂದರು, ನಾಯರ್ ಬಂದರು. ಅಡಿಕೆ ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು ಬಂದು ಕೂತವರು ‘ಪಥೇರ್ ಪಾಂಚಾಲಿ’ ನೋಡಿದರು, ಕುರೊಸಾವಾ ನೋಡಿದರು, ಮರುದಿನ ತೋಟದಲ್ಲಿ ಅದರ ಮಾತಾಡಿದರು. ನಾಯರ್ ಅವರ ಬಗ್ಗೆ ಶಿವೇಂದ್ರ ಸಿಂಗ್ ಡುಂಗರಪುರ್ 2012ರಲ್ಲಿ ತೆಗೆದ ‘ಸೆಲ್ಯುಲಾಯ್ಡ್ ಮ್ಯಾನ್’ ಚಿತ್ರದಲ್ಲಿ ಹೆಗ್ಗೋಡಿನ ಆ ಪ್ರೇಕ್ಷಕರೂ ಬಂದು ತಾವು ನೋಡಿದ್ದನ್ನು ನೆನೆಯುತ್ತಾರೆ. ಸಂಗ್ರಹಾಲಯದ ಕಪಾಟಿನಲ್ಲಿ ಕೂತಿದ್ದರೆ ಆ ಚಿತ್ರಗಳಿಗೆ ಅಂಥ ಬಾಳು ಎಲ್ಲಿಂದ ಬರಬೇಕಿತ್ತು?

ಫಾಲ್ಕೆಯವರ ಮನೆಯ ಅಡುಗೆಮನೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರು 1912ರಲ್ಲಿ ಲಂಡನ್ನಿನಿಂದ ವಿಲಿಯಮ್ಸನ್ ಕ್ಯಾಮೆರಾ ತಂದರು. ಕಚ್ಚಾ ಫಿಲ್ಮಿನ ಅಂಚಿಗೆ ತೂತುಗಳಿರುತ್ತಿರಲಿಲ್ಲ; ಅವನ್ನು ಕೊಂಡವರೇ ಹೊಡೆದುಕೊಳ್ಳಬೇಕಿತ್ತು, ಅದೂ ಕತ್ತಲಲ್ಲಿ. ಆ ಕೆಲಸ ಮಾಡುತ್ತಿದ್ದವರು ಅವರ ಹೆಂಡತಿ ಸರಸ್ವತಿಬಾಯಿ ಫಾಲ್ಕೆ. ಹಗಲೆಲ್ಲ ಚಿತ್ರತಂಡದ ಮಂದಿಗೆಲ್ಲ ಅಡುಗೆ ಮಾಡಿ ಬಡಿಸಿ, ಬಿಸಿಲಿನಲ್ಲಿ ಬಿಳಿ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ಹಾಯಿಸಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ಕೂತು ಬೆರಳ ತುದಿಯ ಅಂದಾಜಿನಲ್ಲಿ ಸಾವಿರಾರು ತೂತು. ಒಂದು ತೂತು ಆಚೀಚೆಯಾದರೂ ತೆರೆಯ ಮೇಲೆ ಚಿತ್ರ ಕುಣಿಯುತ್ತದೆ. ಅವರ ಒಡವೆಗಳು ಬಂಡವಾಳವಾಗಿ ಹೋದ ಕಥೆಯನ್ನು ಎಲ್ಲರೂ ಬರೆಯುತ್ತಾರೆ. ನನಗೆ ಆ ತೂತುಗಳೇ ಒಡವೆಗಿಂತ ದೊಡ್ಡದಾಗಿ ಕಾಣುತ್ತವೆ. ಹಳೆಯ ಚಿತ್ರವನ್ನು ಉಳಿಸುವವರು ಮಾಡುವುದೂ ಅಂಥದೇ ಕೆಲಸ. ಹರಿದ ತೂತಿಗೆ ತೇಪೆ ಹಾಕುತ್ತಾರೆ, ಕುಗ್ಗಿದ ಫಿಲ್ಮನ್ನು ಇಂಚಿಂಚಾಗಿ ಒರೆಸುತ್ತಾರೆ, ಒಂದೊಂದೇ ಚಿತ್ರವನ್ನು ನಕಲು ತೆಗೆಯುತ್ತಾರೆ. ಹೀಗೆ ದಿನವಿಡೀ ಕೂತರೆ ತೆರೆಯ ಮೇಲೆ ಕೆಲವು ನಿಮಿಷ ಸಿಗುತ್ತದೆ.

ಉಳಿದಿರುವ ಇನ್ನೂ ಕೆಲವು ಚಿತ್ರಗಳನ್ನು ನಾವು ನೋಡಬಹುದು. ಕಲ್ಕತ್ತೆಯಲ್ಲಿ 1919ರಲ್ಲಿ ತಯಾರಾದ ‘ಬಿಲ್ವಮಂಗಳ’ದ 594 ಮೀಟರು ಪ್ಯಾರಿಸ್ಸಿನ ಸಿನೆಮಾಥೆಕ್‌ನಲ್ಲಿ ಸಿಕ್ಕಿತು, ಅದರ ಪ್ರತಿ 2016ರಲ್ಲಿ ಪುಣೆಗೆ ಬಂತು. 1928ರ ‘ಶಿರಾಜ್’ ಅನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೊಸದರಂತೆ ಮಾಡಿ 2017ರಲ್ಲಿ ತೋರಿಸಿದಾಗ ಅನೌಷ್ಕಾ ಶಂಕರ್ ತಮ್ಮ ವಾದ್ಯಮೇಳದೊಂದಿಗೆ ತೆರೆಯ ಮುಂದೆಯೇ ಕೂತು ನುಡಿಸಿದರು. ತಾಜಮಹಲಿನ ಕಲ್ಪಿತ ಶಿಲ್ಪಿಯ ಕಥೆ ಅದು. ಸೊಗಸಾದ ಚಿತ್ರವೇ. ಆದರೂ ನನ್ನ ಮನಸ್ಸು ‘ಕಾಲಿಯ ಮರ್ದನ’ವನ್ನೇ ಆರಿಸುತ್ತದೆ. ‘ಶಿರಾಜ್’ನಲ್ಲಿ ಅರಮನೆಗಳಿವೆ, ಆನೆ ಒಂಟೆಗಳಿವೆ, ಪಳಗಿದ ಕಲಾವಿದರಿದ್ದಾರೆ. ಇಲ್ಲಿ ಒಬ್ಬ ಹುಡುಗಿ ಇದ್ದಾಳೆ, ಒಂದು ಮಡು ಇದೆ.

ಕನ್ನಡದ ಪಾಲಿಗೆ ಬಂದರೆ ತೋರಿಸಲು ಅಷ್ಟೂ ಇಲ್ಲ. ಗುಬ್ಬಿ ವೀರಣ್ಣನವರು ನಾಟಕದ ಜೊತೆಗೆ ಮೂಕಿಚಿತ್ರಗಳಿಗೂ ಕೈ ಹಾಕಿದ್ದರು. ಅವು ಹೆಸರುಗಳಾಗಿ ಮಾತ್ರ ಉಳಿದಿವೆ. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶನ, ಇಂದ್ರಜಿತನಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ತೆರೆಯ ಮೇಲೆ ಕನ್ನಡ ಮೊದಲು ಹೇಗೆ ಕೇಳಿಸಿತು, ನಾಗೇಂದ್ರರಾಯರ ಕಂಠದಲ್ಲಿ ರಾವಣ ಹೇಗೆ ಗುಡುಗಿದ ಎಂದು ತಿಳಿಯುವ ದಾರಿ ಇಲ್ಲ. ಒಂದು ಪ್ರತಿಯೂ ಸಿಕ್ಕಿಲ್ಲ. ಪಂಪನ ಕಾವ್ಯವನ್ನು ತಾಳೆಗರಿಗಳಲ್ಲಿ ಸಾವಿರ ವರ್ಷ ಕಾಪಾಡಿಕೊಂಡು ಬಂದ ಜನ ನಾವು. ಒಂದು ಗರಿ ಮುರಿಯುವ ಹೊತ್ತಿಗೆ ಇನ್ನೊಂದು ಕೈ ಅದನ್ನು ಪ್ರತಿ ಮಾಡಿಟ್ಟಿತು. ಫಿಲ್ಮಿಗೆ ಪ್ರತಿ ಮಾಡುವ ಆ ಕೈ ಸಿಗಲಿಲ್ಲ.

ನನ್ನ ವಯಸ್ಸಿನವರಿಗೆ ಒಂದು ಆಟ ನೆನಪಿರಬೇಕು. ಸುಟ್ಟುಹೋದ ಬಲ್ಬಿನ ತಲೆ ಒಡೆದು, ಒಳಗಿನದನ್ನು ತೆಗೆದು, ನೀರು ತುಂಬುತ್ತಿದ್ದೆವು. ಬಾಗಿಲು ಮುಚ್ಚಿದ ಕೋಣೆಗೆ ಹೊರಗಿನಿಂದ ಒಬ್ಬ ಕನ್ನಡಿಯಲ್ಲಿ ಬಿಸಿಲು ಹಾಯಿಸಬೇಕು. ಕಿಂಡಿಯಲ್ಲಿ ಫಿಲ್ಮಿನ ತುಂಡು, ಅದರ ಮುಂದೆ ನೀರಿನ ಬಲ್ಬು, ಗೋಡೆಗೆ ಅಪ್ಪನ ಬಿಳಿ ಪಂಚೆ. ಪಂಚೆಯ ಮೇಲೆ ರಾಜಕುಮಾರ್ ಮೂಡುತ್ತಿದ್ದರು, ತಲೆಕೆಳಗಾಗಿ ಮೂಡಿದರೆ ಫಿಲ್ಮು ತಿರುಗಿಸಿ ಹಿಡಿಯುತ್ತಿದ್ದೆವು. ಜಾತ್ರೆಯಲ್ಲಿ ಐದು ಪೈಸೆಗೆ ಸಿಗುತ್ತಿದ್ದ ಆ ತುಂಡುಗಳನ್ನು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟುಕೊಂಡಿದ್ದೆ. ಯಾವುದೋ ಚಿತ್ರದ ಪ್ರಿಂಟನ್ನು ಕತ್ತರಿಸಿ ಅವನ್ನು ಮಾಡುತ್ತಿದ್ದರು ಎಂಬುದು ಆಗ ಹೊಳೆದಿರಲಿಲ್ಲ. ಆದರೂ ಬೆಳಕಿನ ಮುಂದೆ ಒಂದು ಚೂರು ಫಿಲ್ಮು ಹಿಡಿದಾಗ ಎದೆಯಲ್ಲಿ ಎದ್ದ ಆ ಪುಳಕವೇ ಇಂದಿಗೂ ನನ್ನನ್ನು ಮಂದಾಕಿನಿಯ ಮುಂದೆ ತಂದು ಕೂರಿಸುವುದು.

ಆದ್ದರಿಂದ ಎರಡು ಬೇಡಿಕೆ. ನಿಮ್ಮೂರಿನ ಶಾಲೆಯಲ್ಲೋ ಸಂಘದಲ್ಲೋ ‘ಕಾಲಿಯ ಮರ್ದನ’ ತೋರಿಸುವುದಾದರೆ ವೇಗ ನೋಡಿಕೊಂಡು ತೋರಿಸಿ, ಒಬ್ಬ ಹಾರ್ಮೋನಿಯಂನವರನ್ನು ಕರೆಸಿ, ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಿ. ಮತ್ತೆ, ಹಳೆಯ ಟೂರಿಂಗ್ ಟಾಕೀಸು ನಡೆಸಿದವರ, ನಾಟಕ ಕಂಪನಿಯವರ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬ ಕಂಡರೆ ಗುಜರಿಗೆ ಹಾಕಬೇಡಿ. ದೀಪದ ಹತ್ತಿರ, ಒಲೆಯ ಹತ್ತಿರ ತರಬೇಡಿ, ಎಳೆದು ಬಿಡಿಸಲೂ ಹೋಗಬೇಡಿ. ತಣ್ಣಗಿನ ಜಾಗದಲ್ಲಿಟ್ಟು ಪುಣೆಯ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ. ‘ಸತಿ ಸುಲೋಚನ’ದ ಒಂದು ರೀಲಾದರೂ ಸಿಗಲಿ ಎಂದು ಅದನ್ನು ಹುಡುಕುವವರು ಈಗಲೂ ಹುಡುಕುತ್ತಿದ್ದಾರೆ.